ಭೂಮಿಯ ನೆರಳು ಮತ್ತು ನನ್ನ ಹನ್ನೊಂದು ಬ್ಯಾಚು

ಕೆಲವರನ್ನು ನಾಯಿ ಅಟ್ಟಿಸಿಕೊಂಡು ಬರುತ್ತದೆ, ಕೆಲವರನ್ನು ನೆಂಟರು. ನನ್ನನ್ನು ಚಂದ್ರ. ಆರು ತಿಂಗಳು ಸುಮ್ಮನಿರುತ್ತಾನೆ. ಇನ್ನು ಇವನ ಕಾಟ ಮುಗಿಯಿತು ಎಂದು ನಾನು ನೆಮ್ಮದಿಯಿಂದ ಕೂತ ಹೊತ್ತಿಗೇ ಎಲ್ಲಿಂದಲೋ ಬಂದು ನಾಲ್ಕು ಜನರ ಎದುರು ಮರ್ಯಾದೆ ತೆಗೆದು ಹೋಗುತ್ತಾನೆ.

ತಪ್ಪು ಅವನದಲ್ಲ, ನನ್ನದೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಕಡೆ ಕಲಿಸುವ ಗಂಡಸರಿಗೆ ಮಾಸ್ತರು, ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನೌಕರಿಯ ಮೊದಲ ಹನ್ನೊಂದು ವರ್ಷ ಭಟ್ಕಳದಲ್ಲಿ ಜಾಲಿಯ ಹತ್ತಿರದ ಒಂದು ಶಾಲೆ, ಆಮೇಲೆ ಹೊನ್ನಾವರ, ಈಗ ಕುಮಟಾ. ಭಟ್ಕಳದಲ್ಲಿ ನನ್ನ ಅತ್ಯಂತ ಪ್ರಸಿದ್ಧ ಪಾಠ ಯಾವುದೆಂದರೆ, ಚಂದ್ರ ಯಾಕೆ ದಿನದಿನಕ್ಕೆ ಸಣ್ಣವನಾಗುತ್ತಾನೆ, ಮತ್ತೆ ಯಾಕೆ ದೊಡ್ಡವನಾಗುತ್ತಾನೆ ಎಂಬುದು.

ಆ ಪಾಠ ನೋಡಬೇಕಿತ್ತು. ಕಿಟಕಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡುತ್ತಿದ್ದೆ. ಒಂದು ಕಡೆ ಟಾರ್ಚು, ಅದು ಸೂರ್ಯ. ಇನ್ನೊಂದು ಕಡೆ ದಾರದಲ್ಲಿ ನೇತುಬಿಟ್ಟ ಬಿಳಿ ಚೆಂಡು, ಅದು ಚಂದ್ರ. ನಡುವೆ ನನ್ನ ತಲೆ, ಅದೇ ಭೂಮಿ. ನಾನು ಸ್ವಲ್ಪ ಸ್ವಲ್ಪವೇ ತಲೆ ಸರಿಸಿದ ಹಾಗೆ ಚೆಂಡಿನ ಮೇಲೆ ತಲೆಯ ನೆರಳು ಬಿದ್ದು ಚಂದ್ರ ಸವೆಯುತ್ತ ಹೋಗುತ್ತಿದ್ದ. ಮಕ್ಕಳು ಉಸಿರು ಬಿಡದೆ ನೋಡುತ್ತಿದ್ದರು. ಮರೆಯಬಾರದೆಂದು ನಾನೇ ಒಂದು ಪದ್ಯವನ್ನೂ ಕಟ್ಟಿದ್ದೆ:

ಭೂಮಿಯ ನೆರಳು ಬಿದ್ದಾಗ ಚಂದ್ರ ಸಣ್ಣಾದ,
ನೆರಳು ಆಚೆ ಸರಿದಾಗ ಮತ್ತೆ ದುಂಡಾದ.

ಇಡೀ ಶಾಲೆ ಇದನ್ನು ಹಾಡುತ್ತಿತ್ತು. ಈ ಪಾಠಕ್ಕೆ ನನಗೆ ತಾಲೂಕು ಮಟ್ಟದಲ್ಲಿ ಬಹುಮಾನವೂ ಬಂದಿತ್ತು. ಎಲ್ಲ ಚಂದ. ತೊಂದರೆ ಒಂದೇ, ಅದು ಸುಳ್ಳು.

೧. ಮೀನಿನ ಬುಟ್ಟಿ

ಸುಳ್ಳು ಎಂದು ನನಗೆ ತಿಳಿದದ್ದು ಹೊನ್ನಾವರಕ್ಕೆ ವರ್ಗವಾಗಿ ಬಂದ ವರ್ಷ. ಭಾನುವಾರ ಬೆಳಿಗ್ಗೆ ಎಂಟೂವರೆ ಇರಬೇಕು. ಮನೆಯ ಜಗಲಿಯಲ್ಲಿ ಒಂಬತ್ತನೇ ಕ್ಲಾಸಿನ ನಾಲ್ಕೈದು ಮಕ್ಕಳನ್ನು ಕೂಡ್ರಿಸಿಕೊಂಡು ಚಂದ್ರನ ಪಾಠ ಹೇಳುತ್ತಿದ್ದೆ. ಅಷ್ಟರಲ್ಲಿ ದಿನಾ ಬರುವ ಮೀನಿನ ಹೆಂಗಸು ಬಂದಳು. ಪಾಠ ನಡೆಯುತ್ತಿದೆ ಎಂದು ನೋಡಿ, ಬುಟ್ಟಿ ಇಳಿಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅಂಗಳದಲ್ಲೇ ನಿಂತು ಕೇಳಿದಳು. ನಾನೂ ಸ್ವಲ್ಪ ದನಿ ಏರಿಸಿದೆ. ಕೇಳುವವರು ಒಬ್ಬರು ಹೆಚ್ಚಾದರೆ ನನಗೆ ಖುಷಿ.

ಪಾಠ ಮುಗಿದ ಮೇಲೆ ಅವಳು ಕೇಳಿದಳು, "ಅಕ್ಕೋರೆ, ಚಂದ್ರನ್ನ ಮುಚ್ಚೂದು ಯಾರ ನೆಳ್ಳು ಅಂದ್ರಿ?"

ಭೂಮಿಯದು ಎಂದೆ.

ಅವಳು ಪಶ್ಚಿಮದ ಕಡೆ ಕೈ ತೋರಿಸಿದಳು. ಪಕ್ಕದ ಮನೆಯ ತೆಂಗಿನ ಮರದ ಮೇಲೆ ಹಗಲು ಚಂದ್ರ ಇದ್ದ, ಸರಿಯಾಗಿ ಅರ್ಧ. ಪೂರ್ವದಲ್ಲಿ ಸೂರ್ಯ ಆಗಲೇ ಸುಡುತ್ತಿದ್ದ.

"ಸೂರ್ಯ ಆ ಬದಿಗೆ, ಚಂದ್ರ ಈ ಬದಿಗೆ. ಭೂಮಿ ನಮ್ಮ ಕಾಲಿನ ಕೆಳಗೆ ಅದೆ. ನನ್ ನೆಳ್ಳು ನೋಡಿ, ಇಲ್ಲೇ ನೆಲದ ಮೇಲೆ ಬಿದ್ದದೆ. ಕೆಳಗಿದ್ದ ಭೂಮಿ ನೆಳ್ಳು ಆಕಾಶಕ್ಕೆ ಹ್ಯಾಂಗೆ ಹತ್ತಿತು?"

ಮಕ್ಕಳು ಚಂದ್ರನನ್ನು ನೋಡಿದರು, ಸೂರ್ಯನನ್ನು ನೋಡಿದರು, ಅವಳ ನೆರಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಾಗ ನನಗೆ ಮೊದಲು ಬರುವುದು ಸಿಟ್ಟು. ಬಂಗಡೆ ಹೇಗೆ ಕೊಡುತ್ತೀ ಹೇಳು, ಚಂದ್ರನನ್ನು ನನಗೆ ಬಿಡು ಎಂದೆ. ಅವಳು ಬಂಗಡೆ ಕೊಟ್ಟು ಹೋದಳು.

ಮಕ್ಕಳನ್ನು ಬೇಗ ಮನೆಗೆ ಕಳಿಸಿ ಪಠ್ಯಪುಸ್ತಕ ತೆರೆದೆ. ಅದರಲ್ಲಿ ಸರಿಯಾಗಿಯೇ ಇತ್ತು. ಸೂರ್ಯನ ಬೆಳಕು ಚಂದ್ರನ ಅರ್ಧ ಭಾಗಕ್ಕೆ ಯಾವಾಗಲೂ ಬೀಳುತ್ತಲೇ ಇರುತ್ತದೆ. ಚಂದ್ರ ನಮ್ಮ ಸುತ್ತ ತಿರುಗುವುದರಿಂದ ಆ ಬೆಳಗಿದ ಅರ್ಧವನ್ನು ನಾವು ಒಂದೊಂದು ದಿನ ಒಂದೊಂದು ಕಡೆಯಿಂದ ನೋಡುತ್ತೇವೆ. ಬೆಳಗಿದ ಕಡೆ ಪೂರ್ತಿ ನಮಗೆ ಎದುರಾದರೆ ಹುಣ್ಣಿಮೆ, ಪೂರ್ತಿ ಆಚೆ ಮುಖವಾದರೆ ಅಮಾವಾಸ್ಯೆ. ಭೂಮಿಯ ನೆರಳಿಗೆ ಅಲ್ಲಿ ಕೆಲಸವೇ ಇಲ್ಲ, ಅದು ಬೀಳುವುದು ಚಂದ್ರಗ್ರಹಣದ ದಿನ ಮಾತ್ರ. ಪುಸ್ತಕದಲ್ಲಿ ಚಿತ್ರವೂ ಇತ್ತು. ಹನ್ನೊಂದು ವರ್ಷ ನಾನು ಆ ಪುಟ ತೆರೆದಿರಲಿಲ್ಲ. ನನ್ನ ಮಾಸ್ತರು ನನಗೆ ನೆರಳು ಎಂದು ಹೇಳಿಕೊಟ್ಟಿದ್ದರು. ಗೊತ್ತಿದ್ದ ಪಾಠವನ್ನು ಮತ್ತೆ ಯಾರು ಓದುತ್ತಾರೆ?

ಇಡೀ ದಿನ ನನಗೆ ಊಟ ಸೇರಲಿಲ್ಲ. ಬಂಗಡೆಯೂ ಅಷ್ಟಕ್ಕಷ್ಟೇ. ಮರುದಿನ ಆ ಹೆಂಗಸು ಬಂದಾಗ, ನಿನ್ನೆ ನೀನು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಅವಳು ಸಿಂಬಿ ಸರಿಮಾಡಿಕೊಳ್ಳುತ್ತ, "ಅಡ್ಡಿಲ್ಲ ಅಕ್ಕೋರೆ. ನಿನ್ನೆ ನಾ ಕೊಟ್ಟ ಬಂಗಡೆನೂ ಮೊನ್ನೇದೇ ಆಗಿತ್ತು" ಎಂದಳು.

೨. ಐದು ಮಾರ್ಕು

ಹೊನ್ನಾವರದ ಮಕ್ಕಳಿಗೆ ಮರುವಾರವೇ ತಿದ್ದಿ ಹೇಳಿದೆ. ಆದರೆ ಭಟ್ಕಳದ ಹನ್ನೊಂದು ಬ್ಯಾಚಿನ ಗತಿ ಏನು? ಅವರೆಲ್ಲ ದೊಡ್ಡವರಾಗಿ, ಮಕ್ಕಳಾಗಿ, ಆ ಮಕ್ಕಳಿಗೂ ನೆರಳಿನ ಕತೆ ಹೇಳುತ್ತಾರೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅನ್ನುತ್ತಾರಲ್ಲ, ಆ ಕೋತಿ ನಾನೇ. ನಿವೃತ್ತಿಯಾಗುವುದರೊಳಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿ ತಿದ್ದಬೇಕು, ಇಲ್ಲದಿದ್ದರೆ ನನಗೆ ನೆಮ್ಮದಿ ಇಲ್ಲ ಎಂದು ನಿಶ್ಚಯ ಮಾಡಿದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, ಇದರಿಂದ ಚಂದ್ರನಿಗೇನೂ ನಷ್ಟ ಆಗಲಿಲ್ಲ, ನೀನು ಸುಮ್ಮನಿರು ಎಂದರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಮೊದಲು ಸಿಕ್ಕಿದವನು ಬಸ್ಸಿನ ಕಂಡಕ್ಟರು. ಹೊನ್ನಾವರದಿಂದ ಭಟ್ಕಳಕ್ಕೆ ಹೊರಟಿದ್ದೆ. ಅವನೇ ಗುರುತು ಹಿಡಿದು, ಒಬ್ಬನನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದ. ಚೀಟಿ ಹರಿದು ಕೊಟ್ಟ ಮೇಲೆ ಅವನನ್ನು ಹತ್ತಿರ ಕರೆದು, ನೋಡು ತಮ್ಮಾ, ನಾನು ನಿಮಗೆ ಚಂದ್ರನ ಪಾಠ ತಪ್ಪು ಹೇಳಿಕೊಟ್ಟಿದ್ದೆ, ಚಂದ್ರ ಸಣ್ಣಾಗುವುದು ಭೂಮಿಯ ನೆರಳಿನಿಂದಲ್ಲ ಎಂದೆ.

ಅವನ ಮುಖ ಸಣ್ಣಗಾಯಿತು. ಅತ್ತಿತ್ತ ನೋಡಿದ. ಆಮೇಲೆ ಡ್ರೈವರಿಗೂ ಕೇಳಿಸದ ಹಾಗೆ ಬಗ್ಗಿ, ಒಂಬತ್ತನೇ ಕ್ಲಾಸಿನಲ್ಲಿ ತಾನು ವಿಜ್ಞಾನದಲ್ಲಿ ಸರಿಯಾಗಿ ಮೂವತ್ತೈದಕ್ಕೆ ಪಾಸಾದದ್ದು, ಅದರಲ್ಲಿ ಐದು ಮಾರ್ಕು ಚಂದ್ರನದೇ, ಅಂದು ಫೇಲಾಗಿದ್ದರೆ ಅಪ್ಪ ಶಾಲೆ ಬಿಡಿಸಿ ದೋಣಿಗೆ ಕಳಿಸುವವನಿದ್ದ ಎಂದೆಲ್ಲ ಹೇಳಿದ. ಈಗ ಸರಿ ಉತ್ತರ ಹೇಳುತ್ತೇನೆ, ಎರಡೇ ನಿಮಿಷ ಕೇಳು ಎಂದೆ. ಅವನು ಕೈಮುಗಿದ.

"ಬೇಡ ಅಕ್ಕೋರೆ. ಮಾರ್ಕು ಕೊಟ್ಟು ಆತು, ನೌಕರಿ ಸಿಕ್ಕಿ ಆತು. ಈಗ ನೀವು ಸರಿ ಮಾಡ್ಬೇಡಿ."

ಭಟ್ಕಳ ಬರುವವರೆಗೂ ಅವನು ಬಸ್ಸಿನ ಹಿಂಬಾಗಿಲಿನಲ್ಲೇ ನಿಂತಿದ್ದ.

೩. ತಾರಸಿಯ ಮೇಲೆ

ಭಟ್ಕಳದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬ ನವಾಯತ ಮುಸ್ಲಿಂ ಹುಡುಗ ನನ್ನ ಮೂರನೇ ಬ್ಯಾಚಿನವನು. ಹುಡುಗ ಎಂದರೆ ಈಗ ಅವನಿಗೂ ತಲೆ ನೆರೆತಿದೆ. ಒಂದು ವರ್ಷ ರಮ್ಜಾನಿನ ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ನಾನು ರವಿಕೆ ಬಟ್ಟೆಗೆಂದು ಅಲ್ಲಿಗೆ ಹೋಗಿದ್ದೆ. ಸೂರ್ಯ ಮುಳುಗಿ ಉಪವಾಸ ಬಿಟ್ಟ ಹೊತ್ತು. ಅಂಗಡಿಯ ಮೇಲೆಯೇ ಅವರ ಮನೆ. ಮನೆಮಂದಿಯೆಲ್ಲ ಚಂದ್ರ ಕಾಣುತ್ತಾನೋ ಎಂದು ತಾರಸಿಗೆ ಹೊರಟಿದ್ದರು. ಅಕ್ಕೋರೂ ಬರಬೇಕು, ವಿಜ್ಞಾನದವರಿದ್ದರೆ ಹುಡುಕುವುದು ಸುಲಭ ಎಂದು ಅವನು ನನ್ನನ್ನೂ ಕರೆದುಕೊಂಡು ಹೋದ.

ತಾರಸಿಯಲ್ಲಿ ಅವನ ಹೆಂಡತಿ, ಅಣ್ಣ ತಮ್ಮಂದಿರು, ಮಕ್ಕಳು ಎಲ್ಲ ಸೇರಿ ಹದಿನೈದು ಜನ ಇದ್ದರು. ಮೂಲೆಯಲ್ಲಿ ಕುರ್ಚಿಯ ಮೇಲೆ ಅವನ ವಯಸ್ಸಾದ ತಾಯಿ. ಪ್ರತಿ ವರ್ಷ ಹಬ್ಬದ ಚಂದ್ರನನ್ನು ತಮ್ಮ ಕಣ್ಣಿನಿಂದಲೇ ನೋಡಬೇಕು ಎಂಬುದು ಅವರ ಹಟವಂತೆ. ಪಶ್ಚಿಮದಲ್ಲಿ ಸಮುದ್ರದ ಮೇಲೆ ಇನ್ನೂ ಕೆಂಪು ಇತ್ತು. ಅವನ ಸಣ್ಣ ಮಗಳು, ಹಬ್ಬದ ಚಂದ್ರ ಯಾವಾಗಲೂ ಅಷ್ಟು ತೆಳ್ಳಗೆ ಯಾಕೆ ಎಂದು ಅಪ್ಪನನ್ನು ಕೇಳಿದಳು. ಅಪ್ಪ ನನ್ನ ಕಡೆ ನೋಡಿ ನಗುತ್ತ, ಭೂಮಿಯ ನೆರಳು ಎಂದು ಶುರು ಮಾಡಿದ.

ನಾನು ಅಲ್ಲೇ ತಡೆದೆ. ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಎಲ್ಲರನ್ನೂ ನನ್ನ ಸುತ್ತ ನಿಲ್ಲಿಸಿಕೊಂಡು, ತಾರಸಿಯ ಗೋಡೆಯ ಧೂಳಿನ ಮೇಲೆ ಬೆರಳಿನಲ್ಲಿ ಸೂರ್ಯನನ್ನು ಬರೆದೆ, ಭೂಮಿಯನ್ನು ಬರೆದೆ, ಚಂದ್ರನನ್ನು ಎಂಟು ಕಡೆ ಬರೆದೆ. ಇಂದು ಚಂದ್ರ ಸೂರ್ಯನ ಹತ್ತಿರದಲ್ಲೇ ಇರುತ್ತಾನೆ, ಬೆಳಗಿದ ಭಾಗದ ಅಂಚು ಮಾತ್ರ ನಮಗೆ ಕಾಣುತ್ತದೆ, ಅದಕ್ಕೇ ಅವನು ಸೂರ್ಯನ ಬೆನ್ನಿಗೇ ಮುಳುಗಿಬಿಡುತ್ತಾನೆ, ಬಹಳ ಹೊತ್ತು ಇರುವುದಿಲ್ಲ ಎಂದು ವಿವರವಾಗಿ ಹೇಳಿದೆ. ಎಲ್ಲರೂ ಗೋಡೆ ನೋಡುತ್ತ ಬಹಳ ಶ್ರದ್ಧೆಯಿಂದ ಕೇಳಿದರು. ಮುಗಿಸಿ, ಈಗ ನೋಡುವ ಬನ್ನಿ ಎಂದು ಪಶ್ಚಿಮಕ್ಕೆ ತಿರುಗಿದರೆ ಅಲ್ಲಿ ಏನೂ ಇಲ್ಲ. ನಾನು ಹೇಳಿದ ಹಾಗೆಯೇ ಚಂದ್ರ ಮುಳುಗಿ ಹೋಗಿದ್ದ.

ಅಂದು ಆ ತಾರಸಿಯಲ್ಲಿ ಚಂದ್ರನನ್ನು ಕಂಡವರು ಒಬ್ಬರೇ, ಮೂಲೆಯಲ್ಲಿ ಕೂತಿದ್ದ ಅವನ ತಾಯಿ. ಅವರಿಗೆ ಕನ್ನಡ ಬರುತ್ತಿರಲಿಲ್ಲ.

೪. ಜೋಗುಳ

ಇಷ್ಟರಲ್ಲಿ ನನಗೆ ಕುಮಟಾಕ್ಕೆ ವರ್ಗವಾಯಿತು. ಭಟ್ಕಳದಿಂದ ದೂರವಾದೆ, ಇನ್ನು ಹಳೆಯ ವಿದ್ಯಾರ್ಥಿಗಳು ಸಿಗಲಿಕ್ಕಿಲ್ಲ ಎಂದುಕೊಂಡರೆ, ಹಿರೇಗುತ್ತಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಪದ್ಯವೇ ಸಿಕ್ಕಿತು. ಗದ್ದೆ, ತರಕಾರಿ ಮಾಡಿಕೊಂಡಿರುವ ಮನೆ. ಅವರ ಹುಡುಗ ನಮ್ಮ ಶಾಲೆಗೆ ಸೇರಿದ್ದ, ಯಾವುದೋ ಕಾಗದಕ್ಕೆ ಸಹಿ ಬೇಕಾಗಿ ಮಧ್ಯಾಹ್ನ ಹೋಗಿದ್ದೆ. ಒಳಗೆ ಯಾರೋ ತೊಟ್ಟಿಲು ತೂಗುತ್ತ ಹಾಡುತ್ತಿದ್ದರು. ಭೂಮಿಯ ನೆರಳು ಬಿದ್ದಾಗ ಚಂದ್ರ ಸಣ್ಣಾದ. ಕಾಗದ ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದೆ.

ಹಾಡುತ್ತಿದ್ದವಳು ಆ ಮನೆಯ ಕಿರಿ ಸೊಸೆ, ಭಟ್ಕಳದಲ್ಲಿ ನನ್ನ ಹತ್ತನೇ ಬ್ಯಾಚು. ನನ್ನನ್ನು ನೋಡಿ ಬಹಳ ಸಂತೋಷಪಟ್ಟಳು. ಅಕ್ಕೋರೆ, ನಿಮ್ಮ ಹಾಡು ಇಲ್ಲಿ ಎಲ್ಲರಿಗೂ ಬರ್ತದೆ ಎಂದಳು. ನಿಜವೇ. ಆ ಮನೆಯ ಅಜ್ಜಿ ಹಳೆಯ ಹಾಡಿನ ಭಂಡಾರ, ಒಂದು ಸಾಲು ಕಿವಿಗೆ ಬಿದ್ದರೆ ಹತ್ತು ಸಾಲು ಕಟ್ಟುವವರು. ನನ್ನ ಎರಡು ಸಾಲಿಗೆ ಅವರು ತಮ್ಮದೇ ಇಪ್ಪತ್ತು ಸಾಲು ಸೇರಿಸಿದ್ದರು. ನಾಟಿ ಗದ್ದೆಯಲ್ಲೂ ಅದನ್ನೇ ಹಾಡುತ್ತಾರಂತೆ.

ನಾನು ಅಜ್ಜಿಯ ಪಕ್ಕ ಕೂತು, ಈ ಹಾಡಿನಲ್ಲಿ ಒಂದು ತಪ್ಪು ಇದೆ, ಅದು ನನ್ನದೇ ತಪ್ಪು ಎಂದು ಎಲ್ಲ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಹಾಗಾದ್ರೆ ಸರಿ ಇದ್ದದ್ದನ್ನ ನೀವೇ ಹಾಡಿ, ಕಲ್ತುಕೊಳ್ತೇವೆ ಎಂದರು. ನ್ಯಾಯವಾದ ಮಾತು. ನಾನು ತೊಟ್ಟಿಲ ಹಗ್ಗ ಹಿಡಿದು ಅದೇ ಧಾಟಿಯಲ್ಲಿ, ಸೂರ್ಯನ ಬೆಳಕು ಬಿದ್ದ ಅರ್ಧಭಾಗದಲ್ಲಿ ನಮಗೆ ಕಾಣುವ ಪ್ರಮಾಣವು ದಿನಾಲು ಬದಲಾಗುವುದರಿಂದ, ಎಂದು ಶುರು ಮಾಡಿದೆ. ಎರಡನೇ ಸಾಲಿಗೆ ಹೋಗುವ ಮೊದಲೇ ಮಗು ಎದ್ದು ಕಿರುಚಲಿಕ್ಕೆ ಹತ್ತಿತು.

ಅಜ್ಜಿ ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು. ಭೂಮಿಯ ನೆರಳು ಬಿದ್ದಾಗ ಎಂದು ಮೆಲ್ಲಗೆ ಎತ್ತಿಕೊಂಡರು. ಸತ್ಯಕ್ಕೆ ಎದ್ದ ಮಗು ಸುಳ್ಳಿಗೆ ಮಲಗಿತು.

೫. ಯಂತ್ರ

ದೊಡ್ಡವರನ್ನು ತಿದ್ದುವುದು ಆಗಹೋಗುವ ಕೆಲಸವಲ್ಲ ಎಂದು ಬಿಟ್ಟು, ಕುಮಟಾದ ಮಕ್ಕಳಿಗಾದರೂ ಮೊದಲಿಂದ ಸರಿಯಾಗಿ ತೋರಿಸೋಣ ಎಂದುಕೊಂಡೆ. ಪರಿಚಯದ ಒಂದು ಕಾಲೇಜಿನಿಂದ ದೂರದರ್ಶಕ ಬೇಡಿ ತಂದೆ. ನಮ್ಮ ಶಾಲೆ ಹೊಳೆಯ ಹತ್ತಿರ. ಶನಿವಾರ ಸಂಜೆ ಆರೂವರೆಗೆ ಮಕ್ಕಳು ತಂದೆತಾಯಿಯನ್ನು ಕರೆದುಕೊಂಡು ಶಾಲೆಯ ಬಯಲಿಗೆ ಬರಬೇಕು, ಎಲ್ಲರಿಗೂ ಚಂದ್ರನನ್ನು ತೋರಿಸುತ್ತೇನೆ ಎಂದು ಹೇಳಿ ಕಳಿಸಿದೆ. ಶನಿವಾರ ಯಾಕೆಂದರೆ ಅಂದು ಅರ್ಧ ದಿನ ಶಾಲೆ, ನನಗೆ ಅನುಕೂಲ.

ಇಡೀ ಊರೇ ಬಂತು. ಇಳಿತದ ಹೊತ್ತಿಗೆ ಹೊಳೆಗಿಳಿದು ಚಿಪ್ಪು ಆಯುವ ಹೆಂಗಸರು ಕೆಲಸ ಮುಗಿಸಿ, ಸೀರೆ ಬದಲಿಸಿ ಬಂದರು. ಕುರ್ಚಿ ಹಾಕಿದ್ದರು, ಚಾ ಮಾಡಿಸಿದ್ದರು. ಶಾಲಾ ಸಮಿತಿಯ ಅಧ್ಯಕ್ಷರು ಎರಡು ಮಾತಾಡಿದರು. ನಾನು ದೂರದರ್ಶಕದ ಕಾಲು ಸರಿಮಾಡಿ ಆಕಾಶ ನೋಡಿದೆ. ಮೋಡ ಒಂದೂ ಇಲ್ಲ, ನಕ್ಷತ್ರ ಒಂದೊಂದಾಗಿ ಬರುತ್ತಿವೆ. ಚಂದ್ರ ಇಲ್ಲ. ಪೂರ್ವಕ್ಕೆ ತಿರುಗಿಸಿದೆ, ಪಶ್ಚಿಮಕ್ಕೆ ತಿರುಗಿಸಿದೆ. ಎಲ್ಲೂ ಇಲ್ಲ. ಅರ್ಧ ಗಂಟೆ ಹೀಗೇ ಹುಡುಕಿದ ಮೇಲೆ ಮೆಲ್ಲಗೆ ಪಕ್ಕದಲ್ಲಿ ನಿಂತ ಹೆಂಗಸನ್ನು, ಇವತ್ತು ಚಂದ್ರ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಿದೆ.

"ಇವತ್ತು ಅಮಾಸೆ ಅಲ್ದಾ ಅಕ್ಕೋರೆ" ಎಂದಳು.

ಚಂದ್ರ ಯಾಕೆ ಬದಲಾಗುತ್ತಾನೆ ಎಂದು ಕಲಿಯುವ ಗಡಿಬಿಡಿಯಲ್ಲಿ ನಾನು ಯಾವಾಗ ಎಂಬುದನ್ನು ನೋಡಿಯೇ ಇರಲಿಲ್ಲ. ಅಮಾವಾಸ್ಯೆಗೆ ನೀರು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ನೋಡಿಯೇ ಅನ್ನ ಉಣ್ಣುವ ಜನ ಅವರು. ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದರೆ ಮತ್ತೆ ಯಾಕೆ ಬಂದಿರಿ, ಒಂದು ಮಾತು ಹೇಳಬಾರದಿತ್ತೇ ಎಂದು ನಾನು ಅವಳ ಮೇಲೇ ರೇಗಿದೆ. ಅವಳು ಪಾಪ, ಅಕ್ಕೋರು ಇಷ್ಟು ದೊಡ್ಡ ಯಂತ್ರ ತಂದಾರೆ ಅಂದ್ರೆ ಅದು ಅಮಾಸೆಯ ಚಂದ್ರನ್ನ ತೋರ್ಸೂಕೇ ಇರಬೇಕು, ಬೇರೆ ದಿನ ಬರೇ ಕಣ್ಣಿಗೇ ಕಾಣ್ತದಲ್ಲ ಎಂದಳು.

ಆದರೂ ಅಧ್ಯಕ್ಷರು ದೊಡ್ಡ ಮನುಷ್ಯರು. ನನಗೆ ಬೇಸರವಾಗಬಾರದೆಂದು ಮುಂದೆ ಬಂದು, ಬಗ್ಗಿ ಯಂತ್ರಕ್ಕೆ ಕಣ್ಣಿಟ್ಟು, "ಕಂಡ್ತು. ಚಲೋ ಅದೆ" ಎಂದು ಹೇಳಿ ಚಾ ಕುಡಿಯಲು ಹೋದರು.

೬. ಕಾಯಿ

ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಮೂರು ತಾಲೂಕಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ ಇಟ್ಟಿದ್ದರು, ದಿನಕ್ಕೊಂದು ತಾಲೂಕು. ಕುಮಟಾದವರದು ಕೊನೆಯ ದಿನ. ಪಾಠ ಹೇಳಲು ಬರುವವನು ಯಾರು ಎಂದು ನೋಡಿದರೆ ಭಟ್ಕಳದ ನನ್ನ ಎರಡನೇ ಬ್ಯಾಚಿನ ಹುಡುಗ. ಕ್ಲಾಸಿನಲ್ಲಿ ನಾನು ಕೆಮ್ಮಿದರೂ ಬರೆದುಕೊಳ್ಳುವಂಥವನು. ಈಗ ಶಿಕ್ಷಕರಿಗೇ ಪಾಠ ಹೇಳುವ ದೊಡ್ಡ ಜನ ಆಗಿದ್ದಾನೆ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಉದ್ಘಾಟನೆಯಲ್ಲಿ ನಿವೃತ್ತಿಯಾಗುವವಳೆಂದು ನನಗೆ ಶಾಲು ಹೊದೆಸಿ, ಹಣ್ಣು, ತೆಂಗಿನಕಾಯಿ ಕೊಟ್ಟರು. ಅವನೇ ಬಂದು ಕಾಲು ಮುಟ್ಟಿದ. ಆಮೇಲೆ ಮೈಕು ಹಿಡಿದು, ಮಕ್ಕಳಿಗೆ ತಿಳಿಸಲು ಕಷ್ಟವಾದ ಪಾಠಗಳನ್ನು ಸುಲಭ ಮಾಡುವುದು ಹೇಗೆ ಎಂದು ಇಂದು ನೋಡೋಣ, ಈಗ ಮೊದಲನೆಯದು ಎಂದ. ಕಿಟಕಿಯ ಪರದೆ ಎಳೆಸಿದ. ಟಾರ್ಚು ತೆಗೆದ. ದಾರ ಕಟ್ಟಿದ ಬಿಳಿ ಚೆಂಡು ತೆಗೆದ.

ಅವನು ನನಗಿಂತ ಚೆನ್ನಾಗಿ ಮಾಡಿದ. ತಲೆ ಸರಿಸುವ ರೀತಿ, ನಿಧಾನ, ಎಲ್ಲ ನನ್ನದೇ, ಮೇಲಿಂದ ಅವನ ಗಂಡುದನಿ. ಕೊನೆಗೆ ಆ ಎರಡು ಸಾಲನ್ನೂ ಹಾಡಿ, ಇದು ನನ್ನದಲ್ಲ, ಇಲ್ಲೇ ಶಾಲು ಹೊದ್ದು ಕೂತಿರುವ ನನ್ನ ಅಕ್ಕೋರದ್ದು ಎಂದ. ಸಭೆ ಚಪ್ಪಾಳೆ ಹೊಡೆಯಿತು. ಸುತ್ತಲೂ ಅರವತ್ತು ಜನ ಮಾಸ್ತರು, ಅಕ್ಕೋರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಒಬ್ಬೊಬ್ಬರ ಹಿಂದೆ ನೂರಾರು ಮಕ್ಕಳು. ಸುಮ್ಮನಿದ್ದರೆ ಎರಡು ತಿಂಗಳಲ್ಲಿ ಗೌರವವಾಗಿ ಮನೆಗೆ ಹೋಗಬಹುದು. ಎದ್ದು ನಿಂತರೆ ನನ್ನ ಮರ್ಯಾದೆಯ ಜೊತೆ ಆ ಹುಡುಗನದೂ ಹೋಗುತ್ತದೆ. ನಿಜ ಹೇಳುತ್ತೇನೆ, ನನಗೆ ಸುಮ್ಮನಿರಬೇಕು ಅನ್ನಿಸಿತು. ಆದರೆ ಪಕ್ಕದಲ್ಲಿ ಕೂತ ಹೊಸ ಹುಡುಗಿ, ಈ ವರ್ಷವೇ ನೌಕರಿಗೆ ಸೇರಿದವಳು, ಭೂಮಿಯ ನೆರಳು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಅವಳಿಗೆ ಇನ್ನೂ ಮೂವತ್ತು ವರ್ಷ ಸರ್ವಿಸಿದೆ. ನಾನು ಎದ್ದು ನಿಂತೆ.

ಅದು ತಪ್ಪು, ನಾನು ಹನ್ನೊಂದು ವರ್ಷ ತಪ್ಪು ಕಲಿಸಿದ್ದೆ ಎಂದೆ.

ಅವನು ನಕ್ಕು ಮೈಕಿನಲ್ಲಿ, ಅಕ್ಕೋರು ಮೊದಲಿಂದ ಹೀ‌ಗೇ, ನಾವು ಎಚ್ಚರ ಇದ್ದೇವೋ ಇಲ್ಲವೋ ಎಂದು ಹೀಗೇ ಪರೀಕ್ಷೆ ಮಾಡುತ್ತಿದ್ದರು ಎಂದ. ಮತ್ತೆ ಚಪ್ಪಾಳೆ. ಪರೀಕ್ಷೆ ಅಲ್ಲ ಮಾರಾಯ, ನಿಜವಾಗಿಯೂ ತಪ್ಪು ಎಂದೆ. ಎಷ್ಟು ವಿನಯ ನೋಡಿ ಎಂದು ಹಿಂದೆ ಯಾರೋ ಅಂದರು. ಮೂರನೇ ಸಲ ಹೇಳಿದಾಗ ಒಬ್ಬ ಹೆಡ್ ಮಾಸ್ತರು ಬಂದು ನನ್ನ ತೋಳು ಹಿಡಿದು ಕೂಡ್ರಿಸಿ, ನೀರು ಕೊಟ್ಟು, ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡಿದ್ರಾ ಎಂದು ಕೇಳಿದರು.

ಆಗ ನನಗೆ ಸಿಟ್ಟು ಬಂತು. ಈ ಸಲ ಉತ್ತರ ಗೊತ್ತಿದ್ದು ಬಂದ ಸಿಟ್ಟು. ಶಾಲು ಕುರ್ಚಿಯ ಮೇಲೆ ಎಸೆದು, ತೆಂಗಿನಕಾಯಿ ಎತ್ತಿಕೊಂಡು, ಎಲ್ಲರೂ ಹೊರಗೆ ಬನ್ನಿ ಎಂದು ನಡೆದೆ. ಅಮಾವಾಸ್ಯೆಯ ಪ್ರಕರಣದ ನಂತರ ನಾನು ಪಂಚಾಂಗ ನೋಡದೆ ಮನೆಯಿಂದ ಹೊರಡುವುದಿಲ್ಲ. ಅಂದು ಕೃಷ್ಣಪಕ್ಷದ ನವಮಿ, ಹೊತ್ತು ಹತ್ತೂಮುಕ್ಕಾಲು. ಹಿಂದೆಯೇ ಅರವತ್ತು ಜನವೂ ಬಂದರು, ಅಕ್ಕೋರಿಗೆ ಎಂತದೋ ಆಯಿತು ಎಂದು ನೋಡಲಿಕ್ಕೆ.

ಬಯಲಿನಲ್ಲಿ ಬಿಸಿಲು. ಪಶ್ಚಿಮದಲ್ಲಿ ಮರಗಳ ಮೇಲೆ ಹಗಲು ಚಂದ್ರ ಇದ್ದ, ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನಾನು ಆ ಹುಡುಗನನ್ನು ಹತ್ತಿರ ಕರೆದು ಕಾಯಿಯನ್ನು ಅವನ ಕೈಗೆ ಕೊಟ್ಟೆ. ಚಂದ್ರನ ಪಕ್ಕದಲ್ಲೇ ಕಾಣುವ ಹಾಗೆ ಕೈ ಚಾಚಿ ಹಿಡಿ ಎಂದೆ. ಹಿಡಿದ. ಏನು ಕಾಣುತ್ತದೆ ಎಂದೆ. ಸೂರ್ಯನ ಕಡೆಯ ಬದಿ ಬೆಳಕು, ಆಚೆಯ ಬದಿ ಕಪ್ಪು ಎಂದ. ಚಂದ್ರ? ಚಂದ್ರನೂ ಹಾಗೇ ಎಂದ. ಎರಡೂ ಒಂದೇ ಆಕಾರ, ಒಂದೇ ಕಡೆ ಬೆಳಕು. ಈಗ ಹೇಳು, ಕಾಯಿಯ ಮೇಲೆ ಯಾರ ನೆರಳು ಬಿದ್ದಿದೆ ಎಂದೆ.

ಅವನು ಸೂರ್ಯನನ್ನು ನೋಡಿದ. ತನ್ನ ನೆರಳನ್ನು ನೋಡಿದ, ಅದು ನೆಲದ ಮೇಲಿತ್ತು. ಕಾಯಿಯನ್ನು ನೋಡಿದ.

"ಯಾರದೂ ಅಲ್ಲ" ಎಂದ ಮೆಲ್ಲಗೆ.

ಆಮೇಲೆ ಕಾಯಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಹೆಡ್ ಮಾಸ್ತರೂ ಹಿಡಿದು ನೋಡಿದರು. ಆ ಹೊಸ ಹುಡುಗಿ ಅಲ್ಲೇ ನಿಂತು ತನ್ನ ಟಿಪ್ಪಣಿಗೆ ಗೆರೆ ಎಳೆದು ಕಾಟು ಹೊಡೆದಳು. ಅದನ್ನು ನೋಡಿ ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಷ್ಟು ವರ್ಷದಲ್ಲಿ ನಾನು ತಿದ್ದಲು ಹೋದ ದೊಡ್ಡವರಲ್ಲಿ ಯಾರೂ ತಿದ್ದಿಕೊಂಡಿರಲಿಲ್ಲ, ಇವತ್ತು ಒಂದೇ ಸಲಕ್ಕೆ ಅರವತ್ತು ಜನ.

ಆದರೆ ಅವನು ಮಾತ್ರ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟು, ಬೇಜಾರು ಮಾಡಿಕೊಳ್ಳಬೇಡ, ತಪ್ಪು ನನ್ನದು ಎಂದೆ. ಅವನು ತಲೆ ಎತ್ತಲಿಲ್ಲ. ಮೊನ್ನೆ ಭಟ್ಕಳದಲ್ಲೂ, ನಿನ್ನೆ ಹೊನ್ನಾವರದಲ್ಲೂ ಇದೇ ಪಾಠ ಮಾಡಿ ಬಂದೆ ಎಂದ. ನಾನು ಹನ್ನೊಂದು ವರ್ಷದಲ್ಲಿ ಮಾಡಿದ ಕೆಡುಕನ್ನು ನನ್ನ ಶಿಷ್ಯ ಎರಡೇ ದಿನದಲ್ಲಿ ಮಾಡಿ ಮುಗಿಸಿದ್ದ. ನಾನೂ ಅವನ ಪಕ್ಕದಲ್ಲಿ ಕೂತೆ.

ಅವನು ಜೇಬಿನಿಂದ ಪೆನ್ನು ತೆಗೆದ, ಮಡಿಲಲ್ಲಿ ಹಾಳೆ ಇಟ್ಟುಕೊಂಡ, ಒಂಬತ್ತನೇ ಕ್ಲಾಸಿನಲ್ಲಿ ನನ್ನೆದುರು ಕೂರುತ್ತಿದ್ದ ಹಾಗೆಯೇ ನನ್ನ ಕಡೆ ತಿರುಗಿ ಕೂತ.

"ಅಕ್ಕೋರೆ, ಬೇರೆ ಎಂತೆಂತ ಹೀಗೆ ಕಲಿಸಿದ್ರಿ, ಈಗಲೇ ಹೇಳ್ಬಿಡಿ. ಊಟದ ಮೇಲೆ ನಂದು ಗುರುತ್ವಾಕರ್ಷಣೆ ಅದೆ."